ನಾಲ್ಕರ ಕಾರ್ಡು, ಹತ್ತರ ಕಾರ್ಡು, ನಮ್ಮ ಪಾಳೇಗಾರ

ಆ ಭಾನುವಾರ ಬೆಳಿಗ್ಗೆ ಲಗ್ಗೆರೆಯಲ್ಲಿ ಮಾವನ ಮನೆಯ ಜಗಲಿಯ ಮೇಲೆ ನಾವು ನಾಲ್ವರಿದ್ದೆವು. ಗೋಡೆಗೆ ಒರಗಿ ನನ್ನ ಸೋದರಮಾವ; ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಟರ್ನರ್ ಆಗಿ ದುಡಿದು ನಿವೃತ್ತರಾದವರು. ಬಾಗಿಲ ಪಕ್ಕ ಅತ್ತೆ, ಮಡಿಲ ತುಂಬ ಹುರುಳಿಕಾಯಿ. ಮೆಟ್ಟಿಲ ಮೇಲೆ ಅದೇ ಕಾರ್ಖಾನೆಯ ಕ್ರೇನ್ ಆಪರೇಟರು. ಬಾಗಲಕೋಟೆ ಕಡೆಯಿಂದ ಬಂದು ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದವನು. ನಾಲ್ಕನೆಯವಳು ನಾನು, ಆ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಕೆಲಸಕ್ಕಿದ್ದವಳು. ನಮ್ಮೆಲ್ಲರ ನಡುವೆ ಮಣೆಯ ಮೇಲೆ ಒಂದು ಟ್ಯಾಬ್ಲೆಟ್ಟು ಮಲಗಿತ್ತು. ಮಣೆ ಅತ್ತೆಯ ಏರ್ಪಾಡು. ಅಷ್ಟು ಬೆಲೆಬಾಳುವುದನ್ನು ಬರಿ ನೆಲದ ಮೇಲಿಡುವುದು ಅವರಿಗೆ ಸರಿಕಾಣಲಿಲ್ಲ.

ತುಮಕೂರು ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲವದು. ಟ್ಯಾಬ್ಲೆಟ್ಟು ಅಂದರೆ ನಮ್ಮ ಬೀದಿಯಲ್ಲಿ ಇನ್ನೂ ತಲೆನೋವಿನ ಮಾತ್ರೆ ಎಂದೇ ಅರ್ಥವಿತ್ತು. ಇದು ನನ್ನ ಕೈಗೆ ಬಂದದ್ದು ಕಾರ್ಖಾನೆಯ ಯಜಮಾನರಿಂದ. ವಿದೇಶದ ಯಂತ್ರ ಪ್ರದರ್ಶನಕ್ಕೆ ಹೋದವರು ಅಲ್ಲಿ ಕೊಂಡು, ಇಲ್ಲಿ ಬೇಸರ ಬಂದು, "ನಿಮಗೆ ಓದೋ ಹುಚ್ಚು ಇದೆಯಲ್ಲಮ್ಮ, ಇಟ್ಕೊಳ್ಳಿ. ಒಡೆದು ಗಿಡೆದು ಹಾಳು ಮಾಡ್ಬೇಡಿ, ನೆನಪಾದಾಗ ಕೇಳ್ತೀನಿ," ಎಂದು ಕೊಟ್ಟಿದ್ದರು. ಪುಸ್ತಕ ಓದಲೆಂದೇ ಮಾಡಿದ ಟ್ಯಾಬ್ಲೆಟ್ಟು, ತನ್ನ ಅಂಗಡಿಯ ಇಂಗ್ಲಿಷ್ ಪುಸ್ತಕ ಬಿಟ್ಟರೆ ಬೇರೆ ಏನನ್ನೂ ಬಲ್ಲದು. ಕನ್ನಡ ತೋರಿಸಿದರೆ ಸಾಲುಸಾಲು ಖಾಲಿ ಚೌಕ.

ಮಾವ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಏನವ್ವ ಇದು, ಇಟ್ಟಿಗೆ ಗೂಡು ಇದ್ದಂಗೈತೆ. ಇದ್ನ ನಾನು ಎಂಗೆ ಓದ್ಲಿ?"

"ನೀವು ಓದ್ದೇ ಇದ್ರೂ ಮಾತಾಡ್ತೀರಲ್ಲ, ಓದಿ," ಎಂದರು ಅತ್ತೆ, ಹುರುಳಿಕಾಯಿಯ ನಾರು ಎಳೆಯುತ್ತ.

ನನಗೆ ಕನ್ನಡ ಬಂದದ್ದೇ ಈ ಇಬ್ಬರ ಜಗಳ ಕೇಳಿಕೊಂಡು. ಶಾಲೆಯಲ್ಲಿ ಕಲಿತದ್ದು ಬರೀ ಪರೀಕ್ಷೆಗಾಯಿತು.

ಮಾವನಿಗೆ ಈ ಟ್ಯಾಬ್ಲೆಟ್ಟು ಯಾಕೆ ಬೇಕಾಗಿತ್ತು ಎಂದರೆ, ಪೀಣ್ಯದ ಕಾರ್ಖಾನೆ ನಾಟಕ ನೋಡದವರಿಗೆ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಜ್ಯೋತ್ಸವಕ್ಕೆಂದು ನವೆಂಬರ್ ತಿಂಗಳಿಡೀ ಒಂದಲ್ಲ ಒಂದು ಕಾರ್ಖಾನೆಯ ಅಂಗಳದಲ್ಲಿ ನಾಟಕ ನಡೆಯುತ್ತದೆ. ನಟರೆಲ್ಲ ಶಿಫ್ಟಿನಲ್ಲಿ ದುಡಿಯುವವರು. ಮಾತು ಬಾಯಿಪಾಠ ಮಾಡಲು ಅವರಿಗೆ ಬಿಡುವಿರುವುದಿಲ್ಲ, ಬಿಡುವಿದ್ದರೂ ಮಾಡುವುದಿಲ್ಲ. ರಂಗದ ಬದಿಯ ಪರದೆಯ ಹಿಂದೆ ಕತ್ತಲಲ್ಲಿ ಪ್ರಾಂಪ್ಟರ್ ಒಬ್ಬರು ಕೂತು ಒಂದೊಂದು ಮಾತನ್ನೂ ಮೊದಲು ಮೆಲುದನಿಯಲ್ಲಿ ಹೇಳಿಕೊಡುತ್ತಾರೆ. ನಟ ಅದನ್ನೇ ಗಂಟಲು ಹರಿಯುವಂತೆ ಕೂಗುತ್ತಾನೆ. ಮುಂದಿನ ಸಾಲಿನಲ್ಲಿ ಕೂತವರಿಗೆ ನಾಟಕ ಎರಡೆರಡು ಸಲ ಕೇಳಿಸುತ್ತದೆ, ಅದಕ್ಕೆ ಯಾರೂ ಬೇಸರಪಡುವುದಿಲ್ಲ. ನಮ್ಮ ಕಾರ್ಖಾನೆಗೆ ಆ ಕತ್ತಲ ಕುರ್ಚಿ ಮಾವನದು. ನಿವೃತ್ತಿಯಾದ ಮೇಲೂ ಅದೊಂದನ್ನು ಅವರು ಬಿಟ್ಟುಕೊಟ್ಟಿರಲಿಲ್ಲ.

ಆದರೆ ಕಣ್ಣಿಗೆ ಪೊರೆ ಬಂದಿತ್ತು. ಇನ್ನೂ ಬಲಿತಿಲ್ಲ, ಕಾಯಿರಿ ಎಂದಿದ್ದರು ಡಾಕ್ಟರು. ಹಿಂದಿನ ವರ್ಷ ಪುಟ್ಟ ಟಾರ್ಚು ಹಿಡಿದು ಓದುತ್ತಿದ್ದ ಮಾವ ಎರಡು ಮೂರು ಹಾಳೆ ಒಟ್ಟಿಗೆ ಮಗುಚಿಬಿಟ್ಟರು. ರಂಗದ ಮೇಲೆ ಪಾಳೇಗಾರನಾಗಿದ್ದವನು ಇದೇ ಕ್ರೇನ್ ಆಪರೇಟರು. ಕಿವಿಗೆ ಬಿದ್ದದ್ದನ್ನು ಹಾಗೆಯೇ ಹೇಳುವ ನಂಬಿಗಸ್ಥ. ಯುದ್ಧ ಶುರುವಾಗುವ ಮೊದಲೇ "ಅಯ್ಯೋ ತಾಯಿ ನೆಲವೇ, ನಿನ್ನ ಮಡಿಲಿಗೆ ಬಂದೆ" ಎಂದು ಗುಡುಗಿ ಧೊಪ್ಪನೆ ಬಿದ್ದು ಸತ್ತ. ಶತ್ರುವಿನ ಸೇನಾಪತಿ ಕತ್ತಿ ಎತ್ತಿ ನಿಂತಿದ್ದವನು ಬಗ್ಗಿ, "ಏಳೋ ಮಗಾ, ಇನ್ನೂ ಹೊಡ್ದೇ ಇಲ್ಲ ಕಣೋ," ಎಂದದ್ದು ಮೈಕಿನಲ್ಲಿ ಇಡೀ ಅಂಗಳಕ್ಕೆ ಕೇಳಿತು. ಸತ್ತವನು ಮಲಗಿದಲ್ಲಿಂದಲೇ, "ಮಾಮಾರು ಹೇಳಿದ್ಮ್ಯಾಲ ಮುಗೀತು, ನಾ ಏಳಂಗಿಲ್ಲ," ಎಂದ.

ನಮ್ಮ ಕಾರ್ಖಾನೆಯ ಕನ್ನಡ ಸಂಘದ ಅಧ್ಯಕ್ಷರಿಗೆ ಇದು ಹಿಡಿಸಲಿಲ್ಲ. ಸ್ಟೋರ್ಸ್ ನೋಡಿಕೊಳ್ಳುವ ಅವರೇ ನಾಟಕ ಬರೆಯುವವರು ಕೂಡ. ಪ್ರತಿ ವರ್ಷ ಹೊಸ ನಾಟಕ, ಆದರೆ ಪ್ರತಿ ವರ್ಷವೂ ಪಾಳೇಗಾರನದೇ, ಯಾಕೆಂದರೆ ಸಂಘದಲ್ಲಿ ಇದ್ದದ್ದು ಪಾಳೇಗಾರನ ವೇಷ ಒಂದೇ. ಈ ಸಲ ಅವರು ಹೊಸ ಯೋಚನೆ ತೆಗೆದಿದ್ದರು: ಮಾತನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿ ಸಿ.ಡಿ. ಹಾಕುವುದು, ನಟರು ಬಾಯಿ ಆಡಿಸಿದರೆ ಸಾಕು. ಆಗ ಕತ್ತಲ ಕುರ್ಚಿ ಬೇಕಾಗಿಲ್ಲ. ಮಾವ ಈ ಸುದ್ದಿ ಕೇಳಿದ ದಿನ ಊಟಕ್ಕೆ ಕೂತು ಮುದ್ದೆ ಮುರಿದು ಹಾಗೇ ಬಿಟ್ಟರಂತೆ. ಅತ್ತೆ ನನಗೆ ಫೋನು ಮಾಡಿ ಹೇಳಿದ್ದು ಅಷ್ಟೇ ಮಾತು. ಅಷ್ಟು ಕೇಳಿದ ಮೇಲೆ ನಾನು ಸುಮ್ಮನಿರುವುದು ಹೇಗೆ?

ದೊಡ್ಡ ಅಕ್ಷರದಲ್ಲಿ ಮುದ್ರಿಸಿ ನೋಡಿದೆವು. ಹಾಳೆಯ ಕಟ್ಟು ಅಕ್ಕಿ ಮೂಟೆಯಷ್ಟಾಯಿತು, ಮಗುಚಿದರೆ ಸದ್ದು ಮೈಕಿಗೆ ಹೋಗುತ್ತಿತ್ತು. ದೀಪ ಹಚ್ಚೋಣವೆಂದರೆ ಬೆಳಕು ಪರದೆ ದಾಟಿ ರಂಗಕ್ಕೆ ಬೀಳುತ್ತದೆ. ಟ್ಯಾಬ್ಲೆಟ್ಟಿನಲ್ಲಾದರೆ ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ, ತನ್ನ ಬೆಳಕು ತನ್ನಲ್ಲೇ ಇದೆ. ಒಂದು ಪೂರ್ತಿ ತಾಲೀಮು ಎಡವದೆ ನಡೆಸಿ ತೋರಿಸಿದರೆ ಮಾವನೇ ಇರಲಿ ಎಂದು ಅಧ್ಯಕ್ಷರು ಒಪ್ಪಿದ್ದರು. ಕನ್ನಡ ಮೂಡಿಸುವುದೊಂದೇ ಬಾಕಿ.

ಅದಕ್ಕೂ ದಾರಿಯಿತ್ತು. ಆ ಟ್ಯಾಬ್ಲೆಟ್ಟಿನದೊಂದು ಒಳ್ಳೆಯ ಗುಣ: ಮೆಮೊರಿ ಕಾರ್ಡಿಗೆ ಬೇರೆ ಸಾಫ್ಟ್‌ವೇರ್ ತುಂಬಿ ಸಿಕ್ಕಿಸಿದರೆ ಅದು ಕಾರ್ಡಿನಿಂದಲೇ ಎದ್ದು ಬೇರೆಯದೇ ಯಂತ್ರವಾಗುತ್ತಿತ್ತು. ಕಾರ್ಡು ಕಿತ್ತರೆ ಮತ್ತೆ ಮೊದಲಿನಂತೆ, ಯಜಮಾನರ ಸೊತ್ತಿಗೆ ಒಂದು ಗೀರೂ ಇಲ್ಲ. ಇಂಟರ್ನೆಟ್ಟಿನಲ್ಲಿ ಇದನ್ನೇ ಧ್ಯಾನ ಮಾಡಿಕೊಂಡಿರುವ ಒಂದು ಗುಂಪೇ ಇತ್ತು. ಮುಖ ನೋಡದ, ಊರು ಗೊತ್ತಿಲ್ಲದ ಜನ, ಬೆರಳ ಉಗುರಿನಷ್ಟು ಕಾರ್ಡಿನ ಮೇಲೆ ಪುಟಗಟ್ಟಲೆ ಬರೆದುಕೊಂಡಿದ್ದರು. ನಾನು ಹೆಣ್ಣು ನೋಡಲು ಬಂದವರ ಪ್ರಶ್ನೆಗಳಿಗೂ ಅಷ್ಟು ಗಮನ ಕೊಟ್ಟವಳಲ್ಲ. ಅದನ್ನು ಮಾತ್ರ ಒಂದಕ್ಷರ ಬಿಡದೆ ಓದಿದೆ. ಅವರ ಸಲಹೆ ವಿಚಿತ್ರವಾಗಿತ್ತು. ಕಾರ್ಡಿನ ಮೇಲೆ ಒಂದು ಪುಟ್ಟ ಸುತ್ತಿನೊಳಗೆ ಅಂಕಿ ಇರುತ್ತದೆ, ಅದರ ವೇಗದ ದರ್ಜೆ. ಹತ್ತು ಅಂತ ಇರುವುದನ್ನು ಬಿಡಿ, ನಾಲ್ಕು ಅಂತ ಇರುವುದನ್ನು ತನ್ನಿ ಎಂದಿದ್ದರು.

ಜಗಲಿಯ ಮೇಲೆ ಇದನ್ನು ಹೇಳಿದೆ, ನೋಡಿ, ಹುರುಳಿಕಾಯಿ ಸುಲಿಯುವುದೂ ನಿಂತಿತು.

"ಅಲ್ಲ ಕಣವ್ವ," ಎಂದರು ಮಾವ, "ನಾಕು ದೊಡ್ದೋ, ಅತ್ತು ದೊಡ್ದೋ?"

"ಹತ್ತೇ ದೊಡ್ಡದು ಮಾವ, ಆದ್ರೆ..."

"ಅಂಗಾರೆ ಆಯ್ತಲ್ಲ."

"ಅಕ್ಕಾರ, ನಾ ಒಂದ್ ಕೇಳ್ತೀನಿ," ಎಂದು ಪಾಳೇಗಾರ ಮೆಟ್ಟಿಲಿನಿಂದ ಎದ್ದ. "ಶೆಡ್ಡಿನ್ಯಾಗ ನಾಕ್ ಟನ್ನಿಂದು ಕ್ರೇನ್ ಐತಿ, ಹತ್ ಟನ್ನಿಂದೂ ಐತಿ. ಭಾರಾ ಬಂತಂದ್ರ ಯಾವ್ದು ಕರೀತೀರಿ?"

"ಹತ್ತರದ್ದು."

"ಮತ್ತ? ಮಾಮಾರ ಮರ್ಯಾದಿ ಅಂದ್ರ ಹಗೂರ ಭಾರಾ ಏನ್ರಿ?"

ಅತ್ತೆಯ ವೋಟೂ ಹತ್ತಕ್ಕೇ ಬಿತ್ತು: "ಅಪ್ರೂಪುಕ್ಕೆ ಒಂದು ತರ್ತೀರ, ನಾಕುಂದು ತಂದ್ರೆ ನೋಡ್ದೋರು ಏನಂದಾರು?"

ನಾಲ್ವರೂ ಒಂದೇ ಆಟೋದಲ್ಲಿ ಪೀಣ್ಯ ಎರಡನೇ ಹಂತದ ಮೊಬೈಲ್ ಅಂಗಡಿಗೆ ಹೋದೆವು. ಬಾಸಿಂಗ ಕೊಳ್ಳಲು ಹೊರಟ ಮದುವೆ ಮನೆಯವರ ಹಾಗೆ. ಅತ್ತೆ ರೇಷ್ಮೆಯಂಚಿನ ಸೀರೆ ಉಟ್ಟಿದ್ದರು. ಅಂಗಡಿಯವನು ಕೌಂಟರಿನ ಮೇಲೆ ಕಾರ್ಡುಗಳನ್ನು ಹರವಿದ. ಮಾವ ಒಂದೊಂದನ್ನೇ ಎತ್ತಿ ತೂಕ ನೋಡಿದರು.

"ನಾಲ್ಕರದ್ದು ಇದೆಯಾ?" ಎಂದು ಕೊನೆಯ ಪ್ರಯತ್ನವಾಗಿ ಕೇಳಿದೆ.

"ಅಯ್ಯೋ ಮೇಡಂ, ನಾಲ್ಕು ಈಗ ಯಾರ್ ತಗೋತಾರೆ? ಹತ್ತು ತಗೊಳ್ಳಿ, ಸಕ್ಕತ್ ಓಡುತ್ತೆ. ನಮ್ಮ ಮನೇಲೂ ಅದೇ."

"ನೋಡಿದ್ರೇನ್ರಿ, ಅವರ ಮನ್ಯಾಗೂ ಅದ ಐತಿ," ಎಂದ ಪಾಳೇಗಾರ, ಸಾಕ್ಷಿ ಸಿಕ್ಕ ವಕೀಲನ ಗತ್ತಿನಲ್ಲಿ.

ಹತ್ತರದ್ದೇ ಬಂತು.

ಮನೆಗೆ ಬಂದು ಸಾಫ್ಟ್‌ವೇರ್ ತುಂಬಿಸಿ, ಸಿಕ್ಕಿಸಿ, ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಏನೇನೋ ಸಾಲುಗಳು ಓಡಿದವು. ಬಹಳ ಹೊತ್ತಿನ ಮೇಲೆ ಅಧ್ಯಕ್ಷರ ನಾಟಕದ ಮೊದಲ ಮಾತು ಮೂಡಿತು. ಚೌಕಗಳಿಲ್ಲ, ಇಟ್ಟಿಗೆಗಳಿಲ್ಲ. ಕೊಂಬು, ಒತ್ತು, ದೀರ್ಘ ಎಲ್ಲ ಇದ್ದ ಜಾಗದಲ್ಲೇ ಇದ್ದ ದುಂಡನೆಯ ಕನ್ನಡ. ಬೆರಳಲ್ಲಿ ಹಿಗ್ಗಿಸಿದೆ, ಅಕ್ಷರಗಳು ನಿಪ್ಪಟ್ಟಿನಷ್ಟಾದವು. ಮಾವ ಕನ್ನಡಕ ತೆಗೆದಿಟ್ಟು, ಪರದೆಯನ್ನು ದೂರ ಹಿಡಿದು, "ಯಾರಲ್ಲಿ! ಕೋಟೆಯ ಬಾಗಿಲು ತೆಗೆಯಿರಿ!" ಎಂದು ಓದಿದರು. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ಬೆಚ್ಚಿ ನಿಂತಳು. ಅತ್ತೆ, "ನಿಂಗಲ್ಲ ಕಣವ್ವ, ಓಗು," ಎಂದು ಅವಳನ್ನು ಸಮಾಧಾನ ಮಾಡಿದರು. ನನಗಂತೂ ಜಗಲಿಯ ಮೇಲೇ ಒಂದು ಸುತ್ತು ಕುಣಿಯುವ ಹಾಗಾಗಿತ್ತು, ಕುಣಿದೆ ಕೂಡ.

ಸಂತೋಷ ತಾಲೀಮಿನವರೆಗೆ ಉಳಿಯಿತು. ಶೆಡ್ಡಿನ ಮೂಲೆಯಲ್ಲಿ ಮಾವ ಟ್ಯಾಬ್ಲೆಟ್ಟು ಹಿಡಿದು ಕೂತರು. ಮೊದಲ ಪುಟ ಚೆನ್ನಾಗಿ ಹೋಯಿತು. ಪುಟ ಸರಿಸಲು ಬೆರಳಾಡಿಸಿದರೆ ಯಂತ್ರ ಯೋಚನೆಗೆ ಬಿತ್ತು. ಪಾಳೇಗಾರ ಒಂದು ಕೈ ಮೇಲೆತ್ತಿ, "ಎಲವೋ..." ಎಂದವನು ಮುಂದಿನ ಮಾತಿಗಾಗಿ ಹಾಗೇ ನಿಂತ. ನಿಂತ. ಕೈ ನೋಯತೊಡಗಿತು, ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡ. ಸೇನಾಪತಿ ಪಕ್ಕದಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟ. "ಮಾವ, ಏನಾಯ್ತು?" ಎಂದರೆ, "ತಡಿಯವ್ವ, ಅದು ಉಸ್ರು ತಗೋತಾ ಐತೆ," ಎಂದರು.

ಅಧ್ಯಕ್ಷರು ಗಡಿಯಾರ ನೋಡಿಕೊಂಡು ನನ್ನ ಕಡೆ ತಿರುಗಿದರು. "ಮೇಡಂ, ಹಿಂಗಾದ್ರೆ ನಾಟಕ ಮುಗಿಯೋದ್ರೊಳಗೆ ಯುಗಾದಿ ಬರುತ್ತೆ. ನಾಳಿದ್ದು ಇನ್ನೊಂದು ತಾಲೀಮು. ಸರಿ ಹೋಗ್ಲಿಲ್ಲ ಅಂದ್ರೆ ನಾನು ಸ್ಟುಡಿಯೋದೋರಿಗೆ ಹೂಂ ಅಂತೀನಿ."

ಮಾವ ಟ್ಯಾಬ್ಲೆಟ್ಟನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ನಾನು ಆ ಗುಂಪಿನವರ ಪುಟಗಳನ್ನು ಮತ್ತೆ ತೆರೆದೆ. ಮೊದಲು ಉತ್ತರ ಮಾತ್ರ ನೋಡಿದ್ದೆ, ಈಗ ಕಾರಣವನ್ನು ಓದಿ ಪಾಳೇಗಾರನಿಗೆ ಅವನ ಕ್ರೇನಿನ ಭಾಷೆಯಲ್ಲೇ ಹೇಳಿದೆ. "ಹತ್ತು ಅನ್ನೋದು ಒಂದೇ ದೊಡ್ಡ ಭಾರಾನ ಒಂದೇ ಸಮ ಎಳ್ಕೊಂಡು ಹೋಗೋ ವೇಗ. ವಿಡಿಯೋ ತುಂಬ್ಸೋಕೆ ಅದು ಬೇಕು. ಆದ್ರೆ ಸಾಫ್ಟ್‌ವೇರ್ ನಡೆಯೋದು ಚೂರುಚೂರು ಕೆಲಸದಲ್ಲಿ. ಇಲ್ಲಿಂದ ಒಂದು ನಟ್ಟು, ಅಲ್ಲಿಂದ ಒಂದು ಬೋಲ್ಟು. ಅದಕ್ಕೆ ನಾಲ್ಕರದ್ದೇ ಚುರುಕು. ಮಷೀನಿನ ಜೀವ ಇರೋದೇ ಈ ಕಾರ್ಡಲ್ಲಿ."

ಅವನು ಶೆಡ್ಡಿನ ತುಂಬ ತಾನೇ ಕಂಡುಹಿಡಿದವನ ಹಾಗೆ ಸಾರಿಕೊಂಡು ಬಂದ: "ಹತ್ ಟನ್ ಕ್ರೇನಿಗೆ ನಟ್ಟು ಬೋಲ್ಟು ಆರ್ಸು ಅಂದ್ರ ಆಗತೈತೇನ್ರಿ? ನಾ ಮೊದ್ಲ ಹೇಳಿದ್ದೆ, ನಾಕರದ್ದ ತರೂಣು ಅಂತ!"

ಅಂಗಡಿಯವನು ಮತ್ತೆ ಬಂದ ನಮ್ಮನ್ನು ನೋಡಿ ಕೈ ಮುಗಿದ. ಕೆಳಗಿನ ಡ್ರಾಯರಿನ ತಳದಲ್ಲಿ, ಹಳೆಯ ಚಾರ್ಜರುಗಳ ಕೆಳಗೆ, ನಾಲ್ಕರದೊಂದು ಬಿದ್ದಿತ್ತು. ಗುಂಪಿನವರು ಹೇಳಿದ ಕಂಪನಿಯದೇ. ಅದನ್ನು ಕೈಗೆ ತೆಗೆದುಕೊಂಡಾಗ ನನಗೆ ಕಳೆದುಹೋದ ಓಲೆ ಸಿಕ್ಕಷ್ಟು ಖುಷಿಯಾಯಿತು. ಹತ್ತರದನ್ನು ಬಿಸಾಡಲು ಮನಸ್ಸಾಗದೆ, ಅದರಲ್ಲಿ ತುಂಬಿದ್ದೆಲ್ಲ ಹಾಗೇ ಇರುವಂತೆ, ಪರ್ಸಿನಲ್ಲಿ ಸೇಫ್ಟಿ ಪಿನ್ನುಗಳ ಜೊತೆ ಹಾಕಿಕೊಂಡೆ.

ನಾಲ್ಕರ ಕಾರ್ಡಿನಲ್ಲಿ ಪುಟಗಳು ಬಾಳೆಲೆಯ ಮೇಲೆ ನೀರು ಜಾರಿದ ಹಾಗೆ ಜಾರಿದವು. ಎರಡನೆಯ ತಾಲೀಮಿನಲ್ಲಿ ಮಾವ ಒಂದು ಕಡೆಯೂ ಎಡವಲಿಲ್ಲ. ಪಾಳೇಗಾರ ಸಾಯಬೇಕಾದಲ್ಲೇ ಸತ್ತ. ಅಧ್ಯಕ್ಷರು ಸ್ಟುಡಿಯೋದವರಿಗೆ ಬೇಡವೆಂದು ಹೇಳಿದರು. ಆದರೆ ಮಾವನ ಭುಜ ತಟ್ಟಿ, "ಈ ಸಲ ಏನಾದ್ರೂ ಆಯ್ತು ಅಂದ್ರೆ ಮುಂದಿನ ವರ್ಷ ನೀವು ನನ್ನ ಪಕ್ಕ, ಮುಂದಿನ ಸಾಲಲ್ಲಿ, ಆರಾಮಾಗಿ ಕೂತು ನೋಡಿ," ಎಂದರು. ಮಾವನಿಗೆ ಅದು ಶಾಪದ ಹಾಗೆ ಕೇಳಿಸಿತು.

ನಾಟಕದ ಸಂಜೆ ಅಂಗಳದಲ್ಲಿ ಬಾವುಟ, ಸೀರಿಯಲ್ ಸೆಟ್ಟು, ಅಕ್ಕಪಕ್ಕದ ಕಾರ್ಖಾನೆಗಳವರೆಲ್ಲ ಸೇರಿದ್ದರು. ಪರದೆ ಏಳುವ ಮೊದಲು ಬಣ್ಣದ ಕೋಣೆಯಲ್ಲಿ ಪೂಜೆ ಆಗಬೇಕು, ಅದು ನಮ್ಮಲ್ಲಿ ಬಿಡದ ಪದ್ಧತಿ. ಕತ್ತಿ, ಕಿರೀಟ, ಹಾರ್ಮೋನಿಯಂ, ಮೈಕು, ಎಲ್ಲಕ್ಕೂ ಗಂಧ ಕುಂಕುಮ. ಟ್ಯಾಬ್ಲೆಟ್ಟನ್ನೂ ಇಟ್ಟಿದ್ದರು. ನಾನು ಅತ್ತೆಯ ಜೊತೆ ಹೂ ಬಿಡಿಸುತ್ತ ಹೊರಗಿದ್ದೆ. ಒಳಗೆ ಹೋಗಿ ನೋಡಿದರೆ ವೀಳ್ಯದೆಲೆಯ ಮೇಲೆ ನಾಲ್ಕರ ಕಾರ್ಡು ಒಂದೇ ಕೂತಿದೆ. ಅದಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ತೇಯ್ದ ಗಂಧ, ಗಂಧದ ಮೇಲೆ ಕುಂಕುಮ. ತೀರ್ಥವನ್ನೂ ಪ್ರೋಕ್ಷಿಸಿದ್ದರು.

"ಯಾರು ಇದನ್ನ ತೆಗೆದಿದ್ದು?" ಎಂದು ಕೂಗಿದೆ.

"ನಾನ ರೀ ಅಕ್ಕಾರ," ಎಂದ ಪಾಳೇಗಾರ, ಕಣ್ಣಿಗೆ ಕಾಡಿಗೆ, ಸೊಂಟಕ್ಕೆ ಕತ್ತಿ, ಮುಖದಲ್ಲಿ ಭಕ್ತಿ. "ಮಷೀನಿನ ಜೀವಾ ಇದ್ರಾಗ ಐತಿ ಅಂತ ನೀವ ಹೇಳಿದ್ರಿ. ಜೀವಕ್ಕ ಪೂಜಿ ಮಾಡ್ದ ಬರೇ ಡಬ್ಬಿಗೆ ಮಾಡಿದ್ರ ಹೆಂಗ?"

ಒರೆಸಿ, ಊದಿ, ಸಿಕ್ಕಿಸಿದೆ. ಗಂಧ ಕಾರ್ಡಿನ ಹಿಂಬದಿಯ ಚಿನ್ನದ ಗೆರೆಗಳಿಗೆ ಒಣಗಿ ಅಂಟಿಕೊಂಡಿತ್ತು. ಟ್ಯಾಬ್ಲೆಟ್ಟು ಕಾರ್ಡನ್ನು ಗುರುತಿಸದೆ ಮೊದಲಿನಂತೆಯೇ ಎದ್ದು ಇಂಗ್ಲಿಷಿನಲ್ಲಿ ನಮಗೆ ಸ್ವಾಗತ ಹೇಳಿತು. ಹೊರಗೆ ಹಾರ್ಮೋನಿಯಂ ಶುರುವಾಗಿತ್ತು. ಮಾವ ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. "ಇನ್ನೊಂದು ಐತಲ್ಲವ್ವ," ಎಂದರು ಮೆಲ್ಲಗೆ.

ಪರ್ಸು ಮಗುಚಿದೆ. ಸೇಫ್ಟಿ ಪಿನ್ನು, ಬಸ್ ಟಿಕೆಟ್ಟು, ಏಲಕ್ಕಿ, ಅದರ ಜೊತೆ ಹತ್ತರ ಕಾರ್ಡು. ಹಾಕಿದೆ. ಕನ್ನಡ ಬಂತು, ಅದೇ ನಿಧಾನದೊಂದಿಗೆ. ಬೇರೆ ದಾರಿಯೇ ಇರಲಿಲ್ಲ. ಪಾಳೇಗಾರನ ಹತ್ತಿರ ಬಗ್ಗಿ ಮಾವ ಹೇಳಿದ್ದು ಇಷ್ಟು: "ಮಾತು ತಡ ಆದ್ರೆ ಸುಮ್ಕೆ ನಿಂತ್ಕಬ್ಯಾಡ ಕಣ್ಲಾ. ಮೀಸೆ ತಿರುವು. ಓಡಾಡು. ಇಲ್ದಿದ್ರೆ ನಗು."

ಪರದೆ ಎದ್ದಿತು. ನಾನು ಮಾವನ ಕುರ್ಚಿಯ ಹಿಂದೆ ನಿಂತೆ. "ಎಲವೋ ಸೇನಾಪತಿ!" ಎಂದು ಪಾಳೇಗಾರ ಗುಡುಗಿದ. ಪುಟ ತಿರುಗಬೇಕು, ತಿರುಗಲಿಲ್ಲ. ಅವನು ಮೀಸೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿದ. ರಂಗದ ಈ ತುದಿಯಿಂದ ಆ ತುದಿಗೆ ನಡೆದ, ಗೆಜ್ಜೆಯ ಸದ್ದು ಅಂಗಳದ ತುಂಬ. ಶತ್ರುವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಸೇನಾಪತಿ ನಿಜಕ್ಕೂ ಹೆದರಿ ಒಂದು ಹೆಜ್ಜೆ ಹಿಂದಿಟ್ಟ. ಪುಟ ತಿರುಗಿತು, ಮಾವ ಪಿಸುಗುಟ್ಟಿದರು. "ನಿನ್ನ ಕತ್ತಿಗೆ ನಾಲಿಗೆ ಇದೆಯೇನು?" ಎಂದ ಪಾಳೇಗಾರ. ಅಂಗಳ ಶಿಳ್ಳೆಯಲ್ಲಿ ಮುಳುಗಿತು.

ಹಿಂದಿನ ವರ್ಷಗಳಲ್ಲಿ ಅವನು ಮಾತನ್ನು ಬಸ್ಸು ತಪ್ಪುವವನ ಹಾಗೆ ಒದರಿ ಮುಗಿಸುತ್ತಿದ್ದ. ಆ ಸಂಜೆ ಒಂದೊಂದು ಪುಟಕ್ಕೂ ಒಂದೊಂದು ಗಾಂಭೀರ್ಯ. ಒಮ್ಮೆ ಯಂತ್ರ ಎಷ್ಟು ಹೊತ್ತು ಕೂತಿತೆಂದರೆ ಅವನು ಮೀಸೆ ತಿರುವಿ, ಓಡಾಡಿ, ಕತ್ತಿ ಒರೆಸಿ, ಕೊನೆಗೆ ಬೇರೆ ಉಪಾಯ ಕಾಣದೆ ನಕ್ಕ. ಎಂಥ ನಗು! ಮೊದಲು ಸಣ್ಣಗೆ, ಆಮೇಲೆ ಹೊಟ್ಟೆಯಿಂದ, ಆಮೇಲೆ ಶೆಡ್ಡಿನ ತಗಡು ಅದುರುವ ಹಾಗೆ. ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಮಡಿಲಿಗೆ ಹತ್ತಿದರು. ಪರದೆಯ ಹಿಂದೆ ಮಾವನೂ ನಗುತ್ತಿದ್ದರು, ಸದ್ದಿಲ್ಲದೆ, ಟ್ಯಾಬ್ಲೆಟ್ಟಿನ ಬೆಳಕಿನಲ್ಲಿ ಕಣ್ಣೀರು ಹೊಳೆಯುವಷ್ಟು. ಬೆರಳು ಮಾತ್ರ ಪುಟದ ಮೇಲೇ ಇತ್ತು. ನಾನು ನಗು ತಡೆಯಲಾರದೆ ರಂಗದ ಪರದೆಯ ಅಂಚನ್ನು ಬಾಯಿಗೆ ತುರುಕಿಕೊಂಡೆ. ಅದರ ಬಣ್ಣ ತುಟಿಗೆ ಹತ್ತಿ ಎರಡು ದಿನ ಹೋಗಲಿಲ್ಲ.

ನಾಟಕ ಮುಗಿದಾಗ ಅಧ್ಯಕ್ಷರು ಓಡಿ ಬಂದು ಪಾಳೇಗಾರನನ್ನು ತಬ್ಬಿಕೊಂಡರು. "ಏನು ಗತ್ತು ಗುರು! ಎಲ್ಲಿ ಕಲ್ತೆ?"

"ಮಾಮಾರು ಹೇಳಿಕೊಟ್ರು," ಎಂದ ಅವನು.

ಅಧ್ಯಕ್ಷರು ಮಾವನ ಕಡೆ ನೋಡಿದರು. ಮಾವ ಟ್ಯಾಬ್ಲೆಟ್ಟನ್ನು ಟವೆಲ್ಲಿಗೆ ಸುತ್ತುತ್ತ, "ಮಾತುಕ್ಕೆ ಒಸಿ ಜಾಗ ಬುಡ್ಬೇಕು ಸಾರ್," ಎಂದರು. ಅತ್ತೆ ನನ್ನ ಕಿವಿಯಲ್ಲಿ, "ಮನೇಲಿ ನಂಗೆ ಒಂದಿನಾನಾದ್ರೂ ಬುಟ್ಟವ್ರಾ ಕೇಳು," ಎಂದರು.

ಆ ಮಾಗಿಯಲ್ಲಿ ಮಾವನ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಟ್ಯಾಬ್ಲೆಟ್ಟನ್ನು ಯಜಮಾನರಿಗೆ ಹಿಂತಿರುಗಿಸಿದೆ. ಮುಂದಿನ ನವೆಂಬರಿಗೆ ಮೊದಲು, ಒಂದು ಬೆಳಿಗ್ಗೆ, ಪಕ್ಕದ ಕಾರ್ಖಾನೆಯ ಸಂಘದವರು ಇಬ್ಬರು ತಟ್ಟೆಯಲ್ಲಿ ಹಣ್ಣು, ಎಲೆ, ಅಡಿಕೆ ಇಟ್ಟುಕೊಂಡು ಲಗ್ಗೆರೆಗೆ ಬಂದರು. ತಮ್ಮ ನಾಟಕಕ್ಕೂ ಮಾವನೇ ಪ್ರಾಂಪ್ಟರ್ ಆಗಬೇಕೆಂದು ಕೇಳಿದರು. ಅತ್ತೆ ಅವರಿಗೆ ಕಾಫಿ ಕೊಟ್ಟರು. ಮಾವ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು, ಮತ್ತು ಆ ವರ್ಷ ಅವರು ಎರಡು ನಾಟಕ ನಡೆಸಿದರು.